ಫಲಕದ ಬುಡದ ಕುಂಡ

"ಒಂದ್ನಿಮಿಷ ಮೇಡಂ, ಆ ಫೋಟೋ ಇನ್ನೊಂದ್ಸಲ ತೋರಿಸ್ತೀರಾ?" ನ್ಯಾಯಾಧೀಶೆಯ ಮಾತಿನ ನಡುವೆಯೇ ಗ್ಲೆನಿಸ್ ಪಾರ್ಟಿಂಗ್ಟನ್ ಎದ್ದು ನಿಂತಳು. ಅವಳು ಕಾರು ನಿಲ್ಲಿಸಿದ್ದ ಮಾರ್ಚ್ ಹತ್ತರಂದು 'ಇಲ್ಲಿ ನಿಲ್ಲಿಸಿದರೆ ದಂಡ' ಎಂಬ ಫಲಕ ಅಲ್ಲಿತ್ತು ಎನ್ನುವುದಕ್ಕೆ ಪಾರ್ಕಿಂಗ್ ಕಂಪನಿಯ ಬಳಿ ಇದ್ದ ಸಾಕ್ಷಿ ಆ ಫೋಟೋ ಒಂದೇ.

"ಫಲಕ ಕಾಣ್ತಿದೆಯಲ್ಲ, ಮಿಸೆಸ್ ಪಾರ್ಟಿಂಗ್ಟನ್? ಅವತ್ತೇ ತೆಗೆದದ್ದು," ಎಂದ ಕಂಪನಿಯ ವಕೀಲ ಅಂಡರ್‌ವುಡ್, ಆಗಲೇ ಕಡತ ಕಟ್ಟುತ್ತ.

"ಫಲಕ ಹಾಳಾಗ್ಲಿ ಮರಿ, ಅದರ ಬುಡದಲ್ಲಿರೋ ಕುಂಡ ನೋಡು!" ಗ್ಲೆನಿಸಳ ಬೆರಳು ಫೋಟೋದ ಕೆಂಪು ಹೂಗಳ ಮೇಲೆ ಕುಣಿಯಿತು. "ಡೇರೆ ಹೂ, ಡೇಲಿಯಾ! ಯಾರ್ಕ್‌ಷೈರಿನ ಈ ಊರಲ್ಲಿ ಬೀದಿ ಕುಂಡಕ್ಕೆಲ್ಲ ಗಿಡ ನೆಡೋಳು ನಾನೇ. ಇದನ್ನ ನೆಟ್ಟಿದ್ದು ಜೂನಲ್ಲಿ. ಮಾರ್ಚಲ್ಲಿ ಇದರ ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿತ್ತು!"

ಅಂಡರ್‌ವುಡ್ ನಕ್ಕುಬಿಟ್ಟ. "ಹೂವು ಯಾವಾಗ ಬೇಕಾದ್ರೂ ಅರಳತ್ತೆ ಮೇಡಂ. ಇದೂ ಒಂದು ವಾದನಾ?"

ನ್ಯಾಯಾಧೀಶೆ ಕನ್ನಡಕ ಏರಿಸಿಕೊಂಡು ಫೋಟೋವನ್ನು ಮೂಗಿನ ಹತ್ತಿರ ತಂದರು.

"ನಮ್ಮನೆ ಹಿತ್ತಲಲ್ಲಿ ಹದಿನೇಳು ಬಗೆ ಡೇರೆ ಇದೆ, ಮಿಸ್ಟರ್ ಅಂಡರ್‌ವುಡ್," ಎಂದರು ಅವರು. "ಜುಲೈ ಬರೋವರೆಗೂ ಒಂದೂ ಕಣ್ಣು ಬಿಡಲ್ಲ. ಈಗ ಹೇಳಿ, ಈ ಫೋಟೋ ತೆಗೆದದ್ದು ಯಾವತ್ತು?"