ಹೇನಿನ ಪರೀಕ್ಷೆ

ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಜೀವಶಾಸ್ತ್ರದ ಬಾಯಿಪರೀಕ್ಷೆಯಲ್ಲಿ ಪ್ರಶ್ನೆ ಕೇಳಲು ವರ್ಷಾ ವರ್ಷಾ ನನ್ನನ್ನು ಕರೆಯುತ್ತಾರೆ. ಮನೆಯೊಳಗೂ ಒಬ್ಬರಿಂದೊಬ್ಬರು ಒಂದು ಮಾರು ದೂರ ಇರಬೇಕು ಅಂತ ಕಾನೂನು ಬಂದು ಅರವತ್ತು ವರ್ಷವಾಯಿತು. ಹೇನುಗಳೂ ಆಗಲೇ ಹೋದವು. ಅವನ್ನು ಕಣ್ಣಾರೆ ಕಂಡವಳು ಈ ಊರಲ್ಲಿ ಈಗ ನಾನೊಬ್ಬಳೇ.

ಈ ಸಲ ಹೇನಿನ ಬಗ್ಗೆ ಹೇಳಿದವಳು ನೇತ್ರಾ. ಹೋದ ವರ್ಷ ಫೇಲಾದ ಹುಡುಗಿ; ಮತ್ತೆ ಫೇಲಾದರೆ ಶಾಲೆ ಬಿಡಬೇಕು. ಆರು ಕಾಲು, ರೆಕ್ಕೆ ಇಲ್ಲ, ಮೊಟ್ಟೆಗೆ ಸೀರು ಅಂತಾರೆ, ಎಲ್ಲ ಸರಿಯಾಗಿಯೇ ಹೇಳಿದಳು.

"ಒಂದು ತಲೆಯಿಂದ ಇನ್ನೊಂದು ತಲೆಗೆ ಹೆಂಗೆ ಹೋಗ್ತಿತ್ತವ್ವಾ?" ಎಂದೆ.

"ಹಾರ್ಕೊಂಡು, ಅಜ್ಜಿ."

"ರೆಕ್ಕೆ ಇಲ್ಲ ಅಂತ ಈಗ ತಾನೇ ಹೇಳ್ದೆಯಲ್ಲೇ!"

ಮಕ್ಕಳೆಲ್ಲ ನಕ್ಕರು. ಚನ್ನಬಸಪ್ಪ ಮೇಷ್ಟ್ರು ಕೆಂಪು ಪೆನ್ನು ತೆಗೆದರು.

"ಮತ್ತಿನ್ನೇನಜ್ಜಿ? ಅಷ್ಟು ದೂರ ಇರೋ ತಲೆಗೆ ಹಾರದೆ ಹೆಂಗೆ ಹೋಗುತ್ತೆ?" ಎಂದಳು. ಕಣ್ಣು ತುಂಬಿತ್ತು.

ನಾನು ಎದ್ದು ಹೋಗಿ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲೇ ಕೂತು, ನನ್ನ ತಲೆಯನ್ನು ಅವಳ ತಲೆಗೆ ತಾಗಿಸಿದೆ. ನಾವು ಅಕ್ಕತಂಗಿಯರು ಮಲಗುತ್ತಿದ್ದದ್ದು ಹಾಗೆಯೇ. ಮೇಷ್ಟ್ರು ಕಿಟಕಿ ಕಡೆ ತಿರುಗಿಕೊಂಡರು.

"ಈಗ ಹೇಳು."

ಹುಡುಗಿ ಮೆಲ್ಲಗೆ, "ನಡ್ಕೊಂಡು ಬರುತ್ತೆ, ಅಜ್ಜಿ," ಎಂದಳು.

ಪೂರ್ತಿ ಅಂಕ ಹಾಕಿಸಿದೆ.