ಲೋಟದಲ್ಲಿ ಕುಡಿಯೋ ಗಿಡ

ಮನೆಯ ಯಜಮಾನರು ತೀರಿಕೊಂಡರೆಂದು ಆಸ್ಪತ್ರೆಯಿಂದ ಫೋನು ಬಂದ ಬೆಳಿಗ್ಗೆ, ಬರುವವರಿಗಾಗಿ ಹಜಾರ ತೆರವು ಮಾಡುತ್ತಿದ್ದ ಸೊಸೆ ಕಿಟಕಿಯ ಬಳಿ ಒಂದು ಕುಂಡವನ್ನು ಅಪ್ಪಿಕೊಂಡು ನಿಂತುಬಿಟ್ಟಳು. ಮಾವನ ಬ್ರೊಮೇಲಿಯಾಡ್ ಗಿಡದ ಕೆಂಪು ಹೂ ಬಾಡಿತ್ತು. ಎಲೆಗಳು ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿದ್ದವು.

"ಅತ್ತೆ, ಆಸ್ಪತ್ರೆಗೆ ಹೋಗುವಾಗ ಮಾವ ಇದನ್ನ ನನ್ನನ್ನ ನಂಬಿ ಬಿಟ್ಟು ಹೋಗಿದ್ರು. ಮೂರು ವಾರ ದಿನಾ ಬುಡಕ್ಕೆ ನೀರು ಹಾಕಿದೆ. ಆದ್ರೂ ಸಾಯಿಸಿಬಿಟ್ಟೆ."

"ಬುಡಕ್ಕೆ ಹಾಕಿದ್ಯಾ? ಇದು ಲೋಟದಲ್ಲಿ ಕುಡಿಯೋ ಗಿಡ ಕಣೆ, ನಿಮ್ಮ ಮಾವನ ಹಾಗೆ," ಎಂದು ಅತ್ತೆ ಅಳುತ್ತಲೇ ಎಲೆಗಳು ಕೂಡುವಲ್ಲಿನ ಬಟ್ಟಲನ್ನು ತೋರಿಸಿದರು. "ಆದ್ರೆ ನೀನು ಸಾಯಿಸಿಲ್ಲ. ಒಂದು ಸಲ ಹೂ ಬಿಟ್ಟ ಮೇಲೆ ತಾಯಿಗಿಡ ಹೋಗಲೇಬೇಕು. ಇಳಿಸು, ನೋಡೋಣ."

ಅವರು ಒಣಗಿದ ಎಲೆಯೊಂದನ್ನು ಬದಿಗೆ ಸರಿಸಿದರು. ಬುಡಕ್ಕೆ ಅಂಟಿಕೊಂಡು ಹೆಬ್ಬೆರಳುದ್ದದ ಎರಡು ಹಸಿರು ಮರಿಗಳು ನಿಂತಿದ್ದವು. "ತಾಯಿಯ ಅರ್ಧದಷ್ಟು ಆಗೋವರೆಗೂ ಕೀಳ್ಬೇಡ. ಆಮೇಲೆ ಒಂದು ನಿಂಗೆ, ಒಂದು ನಂಗೆ."

ಸೊಸೆ ಮೂಗೊರೆಸಿಕೊಂಡು ನೀರು ತಂದಳು. ಅತ್ತೆ ಅವಳ ಕೈ ಹಿಡಿದು ಮರಿಗಳ ಪುಟ್ಟ ಬಟ್ಟಲುಗಳಿಗೆ ಹನಿಹನಿಯಾಗಿ ಹಾಕಿಸಿದರು. ಬಳಿಕ ಕಣ್ಣು ಮುಚ್ಚಿದರು. "ಭಗವಂತಾ, ನನ್ನವರು ನಿನ್ನ ಮನೆಗೆ ಹೊಸಬರು. ಅವರ ಜೀವಕ್ಕೆ ನೆಮ್ಮದಿ ಕೊಡಪ್ಪಾ."