ಬುರುಡೆ ಕೇಳಿದ ವರ

“ಈ ಹಗ್ಗಕ್ಕೆ ನಾನು ಹಾಕಿರೋ ಗಂಟಿದೆಯಲ್ಲ ಭಾವ, ಇದಕ್ಕೆ ಚಂದ್ರನ್ನ ನೇತುಹಾಕಿ, ಅದರ ಮೇಲೆ ಆನೆ ಕೂರಿಸಿ, ಆಗಲೂ ಜಗ್ಗಲ್ಲ!” ಎಂದ ಬುರುಡೆ. ಹನ್ನೆರಡನೇ ಮಹಡಿಯ ಹೊರಗೆ, ಮೇಲಿನಿಂದ ಇಳಿಬಿಟ್ಟ ಹಲಗೆಯ ಮೇಲೆ ಕೂತು ಅವನೂ ಅವನ ಅಕ್ಕನ ಗಂಡನೂ ಕಿಟಕಿಯ ಗಾಜು ಒರೆಸುತ್ತಿದ್ದರು. ಅಂಥದ್ದೊಂದು ಗಂಟು ಅವನ ಬಾಯಿಗೆ ಬಿದ್ದಿದ್ದರೆ ಇಡೀ ಊರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು.

“ಸಾಕು ಬಿಡೋ. ದೇವರು ಬಂದು ಒಂದೇ ವರ ಕೊಡ್ತೀನಿ ಅಂದ ಅಂತಿಟ್ಕೋ. ಹಾರೋಕೆ ರೆಕ್ಕೆ ಬೇಕಾ, ಕಳೆದ ಹೊತ್ತನ್ನ ಹಿಂದಕ್ಕೆ ತಿರುಗಿಸೋ ಕೈ ಬೇಕಾ?” ಎಂದು ಭಾವ ಕೆಣಕಿದರು. ಉತ್ತರ ರೆಕ್ಕೆಯೇ ಎಂದು ಅವರಿಗೆ ಗೊತ್ತಿತ್ತು. ಹದ್ದಿಗೆ ಹಾರಲು ಕಲಿಸಿದವನೇ ತಾನು ಎಂದು ಬುರುಡೆ ನಿನ್ನೆಯಷ್ಟೇ ಆಣೆ ಇಟ್ಟಿದ್ದ.

ಬುರುಡೆ ಗಾಜನ್ನೇ ನೋಡುತ್ತಿದ್ದ. ಆಗಷ್ಟೇ ತನ್ನ ಮೂಗಿನ ನೇರಕ್ಕೆ ಎಳೆದಿದ್ದ ಸೋಪಿನ ನೊರೆಯ ಗೆರೆ ಈಗ ಹಣೆಯ ನೇರಕ್ಕಿತ್ತು. ನೋಡುತ್ತಿದ್ದಂತೆಯೇ ಇನ್ನೊಂದು ಬೆರಳಷ್ಟು ಮೇಲೆ ಹೋಯಿತು. ಗೆರೆ ತಾನಾಗಿ ಏರುವುದಿಲ್ಲ; ಇಳಿಯುತ್ತಿದ್ದುದು ಹಲಗೆ.

“ಹೊತ್ತು ತಿರುಗಿಸೋ ಕೈನೇ ಕೊಡಿಸಿ, ಭಾವ.”

“ಅಯ್ಯೋ ನಿನ್ನ! ಎಷ್ಟು ಹಿಂದಕ್ಕೋ? ರಾಜರ ಕಾಲಕ್ಕಾ?”

“ಬೆಳಗ್ಗೆ ಟೀ ಕುಡಿದ ಹೊತ್ತಿಗೆ ಸಾಕು.”

ಭಾವನ ಕೈಯಲ್ಲಿದ್ದ ಬಟ್ಟೆ ಗಾಜಿನ ಮೇಲೆ ನಿಂತಿತು. “ಯಾಕೋ?”

ಹುಟ್ಟಿದಾಗಿನಿಂದ ಮೊದಲ ಸಲ ಬುರುಡೆಯ ದನಿ ಸಣ್ಣದಾಯಿತು. “ಅಲುಗಾಡಬೇಡಿ ಭಾವ. ಮೇಲೆ ತಾರಸೀಲಿ ಹಗ್ಗಾನ ಕಂಬಕ್ಕೆ ಸುತ್ತಿದ್ದೆ, ಅಷ್ಟರಲ್ಲಿ ಟೀ ಬಂತು. ಗಂಟು ಹಾಕೇ ಇಲ್ಲ.”